ತೊಟ್ಟಿಲಿಗೆ ಹಾಕುವ ಮೊದಲೇ

ನಮ್ಮ ಕರಾವಳಿಯಲ್ಲಿ ಪತ್ರಿಕೆ ಕೈಗೆ ಬಂದರೆ ಅನೇಕರು ಮೊದಲು ತಿರುಗಿಸುವುದು ನಿಧನ ವಾರ್ತೆಯ ಪುಟವನ್ನು. ಯಾರು ಹೋದರು, ಯಾವ ಮನೆಯವರು, ಬೊಜ್ಜ (ಉತ್ತರಕ್ರಿಯೆ) ಯಾವತ್ತು ಎಂದು ನೋಡಿದ ಮೇಲೆಯೇ ಉಳಿದ ಸುದ್ದಿ. ಆ ಪುಟದಲ್ಲಿ ಎಂದೂ ಬರದ ಸಾವೊಂದಿದೆ. ಅದು ಎರಡು ದಿನದ, ಮೂರು ದಿನದ ಮಗುವಿನ ಸಾವು. ಹಾಕಲು ಫೋಟೋ ಇರುವುದಿಲ್ಲ. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಮಗುವಿಗೆ ಹೆಸರೂ ಇರುವುದಿಲ್ಲ. ಮನೆಯ ಒಬ್ಬಿಬ್ಬರು ಗಂಡಸರು ಹೋಗಿ ಮಣ್ಣು ಮಾಡಿ ಬರುತ್ತಾರೆ. ಬಾಣಂತಿಯ ಮುಂದೆ ಯಾರೂ ಆ ಮಾತು ಎತ್ತುವುದಿಲ್ಲ.

ನಮ್ಮ ಮನೆಯಲ್ಲೂ ಅಂಥದ್ದೊಂದು ಸಾವಾಗಿದೆ. ನನ್ನ ತಂಗಿಯ ಮೊದಲ ಮಗು. ಎಂಟನೇ ತಿಂಗಳಲ್ಲಿ ಹುಟ್ಟಿತು, ತೂಕ ಒಂದೂವರೆ ಕಿಲೋ, ಮೂರನೇ ದಿನ ಹೋಯಿತು. "ದಿನ ತುಂಬಿರಲಿಲ್ಲ, ಹಣೆಬರಹ" ಎಂದರು ಹಿರಿಯರು. ನಾನೂ ಹಾಗೆಯೇ ನಂಬಿದೆ. ಆಮೇಲೆ ವರ್ಷಗಟ್ಟಲೆ ಈ ವಿಷಯ ಓದುತ್ತಾ, ಮಕ್ಕಳ ಡಾಕ್ಟರುಗಳನ್ನು, ನರ್ಸ್‌ಗಳನ್ನು, ಆಶಾ ಕಾರ್ಯಕರ್ತೆಯರನ್ನು ಕೇಳುತ್ತಾ ಹೋದೆ. ಈಗ ಹಣೆಬರಹ ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಇಂಥ ಸಾವುಗಳಲ್ಲಿ ಬಹುಪಾಲು ಗಂಟೆಗಳ ಲೆಕ್ಕ. ಹುಟ್ಟುವ ಮೊದಲಿನ ಕೆಲವು ಗಂಟೆ, ಹುಟ್ಟಿದ ಮೊದಲ ನಿಮಿಷ, ಅದಾದ ಮೇಲಿನ ಒಂದೆರಡು ದಿನ. ಅಷ್ಟರಲ್ಲಿ ಯಾರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದರ ಮೇಲೆ ಮಗುವಿನ ಉಳಿವು ನಿಂತಿದೆ.

ಹುಟ್ಟಿದ 28 ದಿನದೊಳಗಿನ ಮಗುವನ್ನು ನವಜಾತ ಶಿಶು ಎನ್ನುತ್ತಾರೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ನವಜಾತ ಶಿಶುಗಳು ತೀರಿಕೊಂಡವು. ಅಂದರೆ ದಿನಕ್ಕೆ ಆರು ಸಾವಿರಕ್ಕೂ ಜಾಸ್ತಿ. ಐದು ವರ್ಷ ತುಂಬುವ ಮೊದಲು ಸಾಯುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇವರೇ. ನವಜಾತ ಶಿಶುಗಳ ಸಾವಿನಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗಿಬಿಡುತ್ತದೆ. ಎಲ್ಲಕ್ಕಿಂತ ಅಪಾಯದ ಹೊತ್ತು ಮೊದಲ 24 ಗಂಟೆ.

ಭಾರತ ಇದರಲ್ಲಿ ಬಹಳ ದೂರ ಬಂದಿದೆ, ಅದನ್ನು ಮೊದಲು ಹೇಳಬೇಕು. ವಿಶ್ವಸಂಸ್ಥೆಯ ಅಂದಾಜಿನಂತೆ 1990ರಲ್ಲಿ ನಮ್ಮಲ್ಲಿ ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 57 ಮಕ್ಕಳು ತಿಂಗಳೊಳಗೆ ಸಾಯುತ್ತಿದ್ದವು. 2023ರಲ್ಲಿ ಅದು 17. ಆದರೆ ಈ ಸರಾಸರಿ ಒಳಗೆ ದೊಡ್ಡ ಅಂತರವಿದೆ. ಕೇಂದ್ರ ಸರ್ಕಾರದ 2020ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ದೇಶದ ಲೆಕ್ಕ ಸಾವಿರಕ್ಕೆ 20 ಇತ್ತು. ಮಧ್ಯಪ್ರದೇಶದ್ದು 31, ಕರ್ನಾಟಕದ್ದು 14, ಕೇರಳದ್ದು 4. ಮಂಗಳೂರಿನಿಂದ ಹೊರಟರೆ ತಲಪಾಡಿ ಗಡಿಗೆ ಎಷ್ಟು ಹೊತ್ತಿನ ದಾರಿ? ಅದರ ಆಚೆ 4, ಈಚೆ 14. ಮಳೆ ಅದೇ, ಮೀನು ಅದೇ, ಕುಚ್ಚಲಕ್ಕಿ ಅದೇ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳು ರಾಜ್ಯದ ಸರಾಸರಿಗಿಂತ ಮುಂದಿರಬಹುದು. ಆದರೂ ಈ ಹೋಲಿಕೆ ನನ್ನನ್ನು ಬಿಡುವುದಿಲ್ಲ.

"ಈಗೆಲ್ಲ ಹೆರಿಗೆ ಆಸ್ಪತ್ರೆಯಲ್ಲೇ ಅಲ್ವಾ, ಮತ್ತೆ ಯಾಕೆ ಸಾಯುತ್ತವೆ?" ಎಂದು ಜನ ಕೇಳುತ್ತಾರೆ. ಸರಿಯಾದ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 100 ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗಿವೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ದೇಶದಾದ್ಯಂತ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂತು. ಅದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಮಾತ್ರಕ್ಕೆ ಮಗು ಉಳಿಯುವುದಿಲ್ಲ. ಬಾಗಿಲಿನ ಒಳಗೆ ಏನು ನಡೆಯುತ್ತದೆ, ಬಾಗಿಲಿಗೆ ಬರುವ ಮೊದಲು ಒಂಬತ್ತು ತಿಂಗಳು ಏನು ನಡೆದಿದೆ ಎಂಬುದೂ ಅಷ್ಟೇ ಮುಖ್ಯ.

ಸಣ್ಣದಾಗಿ ಹುಟ್ಟುವುದು

ಭಾರತದಲ್ಲಿ ನವಜಾತ ಶಿಶುಗಳ ಸಾವಿಗೆ ಅತಿ ದೊಡ್ಡ ಕಾರಣ ಒಂದೇ. ದಿನ ತುಂಬುವ ಮೊದಲು ಹುಟ್ಟುವುದು, ಇಲ್ಲವೇ ತೂಕ ಕಡಿಮೆ ಇರುವುದು. ಹೆಚ್ಚುಕಡಿಮೆ ಅರ್ಧದಷ್ಟು ಸಾವು ಈ ಲೆಕ್ಕಕ್ಕೆ ಹೋಗುತ್ತದೆ. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಮಗು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೂಕ ದಾಖಲಾದ ಮಕ್ಕಳಲ್ಲಿ 100ಕ್ಕೆ 18 ಮಕ್ಕಳು ಹೀಗೆ ಸಣ್ಣವೇ.

ನಮ್ಮಲ್ಲಿ ಹಳೆಯ ಮಾತೊಂದಿದೆ. ಏಳು ತಿಂಗಳ ಮಗು ಬದುಕುತ್ತದೆ, ಎಂಟು ತಿಂಗಳದ್ದು ಬದುಕುವುದಿಲ್ಲ ಎಂದು. ತಂಗಿಯ ಮಗು ಹೋದಾಗಲೂ ಇದನ್ನೇ ಹೇಳಿ ಸಮಾಧಾನ ಮಾಡಿದರು. ಇದು ಪೂರ್ತಿ ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ, ಮಿದುಳಿಗೆ, ಚರ್ಮದ ಕೆಳಗಿನ ಕೊಬ್ಬಿಗೆ ಲಾಭವೇ. ಎಂಟು ತಿಂಗಳ ಮಗುವಿಗೆ ಏಳು ತಿಂಗಳ ಮಗುವಿಗಿಂತ ಬದುಕುವ ಅವಕಾಶ ಜಾಸ್ತಿ. ಈ ಮಾತು ನಂಬಿ "ಹೇಗೂ ಉಳಿಯುವುದಿಲ್ಲ" ಎಂದು ಕೈಬಿಟ್ಟ ಮಕ್ಕಳು ಎಷ್ಟೋ ಏನೋ.

ಮಗು ಬೇಗ ಯಾಕೆ ಹುಟ್ಟುತ್ತದೆ, ಸಣ್ಣದಾಗಿ ಯಾಕೆ ಹುಟ್ಟುತ್ತದೆ ಎಂದು ಹುಡುಕಿದರೆ ತಾಯಿಯ ಮೈಗೆ, ಅವಳ ದುಡಿಮೆಗೆ, ಅವಳ ಅಡುಗೆಮನೆಗೆ ಹೋಗಿ ನಿಲ್ಲುತ್ತೇವೆ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ರಕ್ತಹೀನತೆ ಇದೆ. ಅದು ಬಸುರಾದ ಮೇಲೆ ಶುರುವಾದದ್ದಲ್ಲ. ಶಾಲೆಗೆ ಹೋಗುವ ವಯಸ್ಸಿನಿಂದಲೇ ಬಂದದ್ದು. ಬಿಪಿ ಏರುವುದು ಇನ್ನೊಂದು ದೊಡ್ಡ ಕಾರಣ. ಏಳನೇ ತಿಂಗಳಲ್ಲಿ ಕಾಲು ಊದಿದರೆ "ಬಸುರಿಯರಿಗೆ ಆಗುವುದೇ" ಎಂದು ಬಿಟ್ಟುಬಿಡುತ್ತೇವೆ. ಅದರ ಜೊತೆ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅದೇ ದಿನ ಬಿಪಿ ನೋಡಿಸಬೇಕು. ಹದಿನೆಂಟು ತುಂಬದ ತಾಯಿ, ಒಂದು ಮಗುವಿನ ಬೆನ್ನಿಗೇ ಇನ್ನೊಂದು, ಮೂತ್ರದ ಸೋಂಕು, ಅವಳಿ ಮಕ್ಕಳು, ಇವೆಲ್ಲ ಗಂಡಾಂತರ ಹೆಚ್ಚಿಸುತ್ತವೆ.

ಇದರಲ್ಲಿ ನಮ್ಮ ಊರಿನದೇ ಆದ ಸಂಗತಿಗಳೂ ಇವೆ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳನ್ನು ಬೀಡಿ ಸಾಕಿದೆ. ಬಸುರಿ ಹೆಂಗಸು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ತಂಬಾಕಿನ ಹುಡಿಯ ವಾಸನೆಯಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ಕೂರುತ್ತಾಳೆ. ತಂಬಾಕು ಜಗಿಯುವ ತಾಯಂದಿರ ಮಕ್ಕಳ ತೂಕ ಸರಾಸರಿ 100 ಗ್ರಾಂ ಕಡಿಮೆ ಇರುತ್ತದೆ ಎಂದು ಮುಂಬಯಿಯಲ್ಲಿ ನಡೆದ ಅಧ್ಯಯನ ತೋರಿಸಿದೆ. ಜಗಿಯುವುದು ಬೇರೆ, ಹುಡಿಯ ನಡುವೆ ಕೂರುವುದು ಬೇರೆ, ನಿಜ. ಆದರೆ ಬಸುರಿಯನ್ನು ನೋಡುವ ಡಾಕ್ಟರು "ಬೀಡಿ ಕಟ್ಟುತ್ತೀರಾ?" ಎಂದು ಕೇಳಲೇಬೇಕು ಎಂದು ನನಗನಿಸುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸವೇ, ಮೀನಿನ ಬುಟ್ಟಿ ಹೊರುತ್ತೀರಾ, ಬಚ್ಚಲಿನ ಒಲೆಗೆ ತೆಂಗಿನ ಮಡಲು ಹಾಕಿ ಊದುವುದು ಯಾರು ಎಂದೂ ಕೇಳಬೇಕು.

ಹಾಗೆಂದು ಇದು ಬಡವರ ಮನೆಯ ವಿಷಯ ಮಾತ್ರ ಅಂದುಕೊಳ್ಳಬೇಡಿ. ಅನುಕೂಲಸ್ಥರ ಮನೆಯಲ್ಲಿ ಕಾರಣ ಬೇರೆ. ಬಸುರಿನಲ್ಲಿ ಬರುವ ಶುಗರ್, ತಡವಾದ ವಯಸ್ಸಿನ ಬಸಿರು, ಚಿಕಿತ್ಸೆಯಿಂದ ನಿಂತ ಅವಳಿ-ತ್ರಿವಳಿ. ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಒಳ್ಳೆಯ ನಕ್ಷತ್ರ ಬೇಕೆಂದು ದಿನ, ಗಂಟೆ ಗೊತ್ತು ಮಾಡಿ, ವೈದ್ಯಕೀಯ ಕಾರಣ ಇಲ್ಲದೆ 37ನೇ ವಾರದಲ್ಲೇ ಸಿಸೇರಿಯನ್ ಮಾಡಿಸುವ ರೂಢಿ ತಪ್ಪು. 39 ವಾರಕ್ಕೆ ಮೊದಲು ನೋವು ಬರದೆಯೇ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ. ಬಹುತೇಕ ಮಕ್ಕಳು ಸುಧಾರಿಸಿಕೊಳ್ಳುತ್ತವೆ. ಆದರೆ ಸುಮ್ನೆ ಒಂದು ಮಗುವನ್ನು ಆ ಕಷ್ಟಕ್ಕೆ ಯಾಕೆ ದೂಡಬೇಕು?

ಬೇಗ ಹೆರಿಗೆ ಆಗುತ್ತದೆ ಎಂದು ಗೊತ್ತಾದಾಗಲೂ ಮಾಡುವುದು ಇರುತ್ತದೆ. 24ರಿಂದ 34 ವಾರದ ನಡುವೆ ಹೆರಿಗೆ ನೋವು ಶುರುವಾದರೆ ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. 12 ಗಂಟೆಗೊಂದರಂತೆ ನಾಲ್ಕು. ಅದು ಮಗುವಿನ ಶ್ವಾಸಕೋಶವನ್ನು ಬೇಗ ಪಕ್ವ ಮಾಡುತ್ತದೆ. ಬೆಲೆ ಕೆಲವೇ ರೂಪಾಯಿ. ಬಡ ದೇಶಗಳಲ್ಲಿ ಇದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಪರೀಕ್ಷೆ ನಡೆಸಿತು. ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು. 2020ರಲ್ಲಿ ಫಲಿತಾಂಶ ಬಂತು. ಇಂಜೆಕ್ಷನ್ ಸಿಗದ ಗುಂಪಿನಲ್ಲಿ 100ಕ್ಕೆ 23.5 ಮಕ್ಕಳು ತೀರಿಕೊಂಡರೆ, ಸಿಕ್ಕ ಗುಂಪಿನಲ್ಲಿ 19.6. ಕೈಗೆಟುಕುವ ಒಂದು ಸೂಜಿಮದ್ದಿಗೆ ಇದು ಸಣ್ಣ ಸಾಧನೆಯಲ್ಲ. ಆದರೆ ಇದನ್ನು ಸರಿಯಾಗಿ ಕೊಡಲು ಬಸುರು ಎಷ್ಟು ವಾರದ್ದು ಎಂದು ಖಚಿತವಾಗಿ ಗೊತ್ತಿರಬೇಕು. ಅದಕ್ಕೇ ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗ್ ಆಗಿರಬೇಕು ಎನ್ನುವುದು. ಮತ್ತೆ, ನೋವು ಬಂದ ಕೂಡಲೇ ಹೊರಡಬೇಕು. ಸಂಜೆಯವರೆಗೆ ನೋಡೋಣ ಎಂದು ಕೂತರೆ ಮದ್ದು ಕೆಲಸ ಮಾಡಲು ಬೇಕಾದ ಗಂಟೆಗಳೇ ಕೈತಪ್ಪುತ್ತವೆ.

ಮೊದಲ ನಿಮಿಷ

ಹುಟ್ಟಿದ ಹತ್ತು ಮಕ್ಕಳಲ್ಲಿ ಒಂದಕ್ಕೆ ಉಸಿರು ಶುರುಮಾಡಲು ಏನಾದರೂ ನೆರವು ಬೇಕಾಗುತ್ತದೆ. ಒರೆಸಿ, ಬೆನ್ನು ತಿಕ್ಕಿದರೆ ಹೆಚ್ಚಿನವು ಅಳುತ್ತವೆ. ಅಳದಿದ್ದರೆ ಒಂದು ನಿಮಿಷದೊಳಗೆ ಮೂಗು-ಬಾಯಿಗೆ ಮಾಸ್ಕ್ ಇಟ್ಟು ಕೈಯಿಂದ ಒತ್ತುವ ಚೀಲದಲ್ಲಿ ಗಾಳಿ ಕೊಡಬೇಕು. ಇದಕ್ಕೆ ಕರೆಂಟೂ ಬೇಡ, ದೊಡ್ಡ ಡಾಕ್ಟರೂ ಬೇಡ. ಕಲಿತ ಕೈ ಬೇಕು. ಅದನ್ನು ಕಲಿಸಲೆಂದೇ ಕೇಂದ್ರ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಶುರುಮಾಡಿತು. ತೊಂದರೆ ಏನೆಂದರೆ, ತಿಂಗಳಿಗೆ ನಾಲ್ಕೈದೇ ಹೆರಿಗೆ ಆಗುವ ಜಾಗದಲ್ಲಿ ಇಂಥ ಮಗು ವರ್ಷಕ್ಕೆ ಕೆಲವೇ ಬಾರಿ ಬರುತ್ತದೆ. ಕೈಗೆ ರೂಢಿ ತಪ್ಪುತ್ತದೆ. ಅದಕ್ಕೆ ಬೊಂಬೆಯ ಮೇಲೆ ಆಗಾಗ ಅಭ್ಯಾಸ ಮಾಡುತ್ತಲೇ ಇರಬೇಕು. ಇನ್ನು, ಹೆರಿಗೆ ಬೇಗ ಮುಗಿಯಲಿ ಎಂದು ನೋವು ಬರಿಸುವ ಇಂಜೆಕ್ಷನ್ನನ್ನು ಲೆಕ್ಕವಿಲ್ಲದೆ ಕೊಟ್ಟರೆ ಗರ್ಭಕೋಶ ಬಿಗಿಯಾಗಿ ಮಗುವಿಗೆ ಹೊಟ್ಟೆಯಲ್ಲೇ ಆಮ್ಲಜನಕ ಕಡಿಮೆಯಾಗುತ್ತದೆ. "ಬೇಗ ಮುಗಿಸಿ ಡಾಕ್ಟ್ರೇ" ಎಂದು ಒತ್ತಾಯ ಮಾಡುವ ಮನೆಯವರು ಇದನ್ನು ತಿಳಿದಿರಬೇಕು.

ಸೆಕೆಯ ಊರಿನಲ್ಲಿ ಚಳಿ

ನನಗೆ ಅತಿ ಹೆಚ್ಚು ಕಾಡಿದ ಸಂಗತಿ ಇದು. ನಮ್ಮದು ಸೆಕೆಯ ಊರು. ಮೇ ತಿಂಗಳಲ್ಲಿ ಉಡುಪಿಯಲ್ಲಿ ಕೂತಲ್ಲೇ ಬೆವರು ಇಳಿಯುತ್ತದೆ. ಇಲ್ಲಿ ಮಗುವಿಗೆ ಚಳಿ ಆಗುತ್ತದೆ ಎಂದರೆ ಯಾರು ನಂಬುತ್ತಾರೆ? ಆದರೆ ಆಗ ತಾನೇ ಹುಟ್ಟಿದ ಮಗು ಪೂರ್ತಿ ಒದ್ದೆ ಇರುತ್ತದೆ. ಮೈಗೆ ಹೋಲಿಸಿದರೆ ಚರ್ಮ ಜಾಸ್ತಿ, ಕೊಬ್ಬು ಕಡಿಮೆ, ನಮ್ಮ ಹಾಗೆ ನಡುಗಿ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಒರೆಸದೆ ಬಿಟ್ಟರೆ ಮೊದಲ 10-20 ನಿಮಿಷದಲ್ಲೇ ಮೈಬಿಸಿ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿ ಏಸಿ ಇರುವುದು ದೊಡ್ಡವರ ಬೆವರಿಗೆ, ಮಗುವಿಗಲ್ಲ. ತಣ್ಣಗಾದ ಮಗುವಿನ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಉಸಿರಾಟ ಕೆಡುತ್ತದೆ. ಹಾಲು ಎಳೆಯುವ ಶಕ್ತಿ ಹೋಗುತ್ತದೆ, ಸೋಂಕು ಸುಲಭವಾಗಿ ಹಿಡಿಯುತ್ತದೆ. ಸಾವಿನ ಕಾಗದದಲ್ಲಿ ಮಾತ್ರ ಚಳಿ ಎಂದು ಬರೆದಿರುವುದಿಲ್ಲ.

ತಂಗಿಗೆ ನೋವು ಬಂದದ್ದು ಜೂನ್ ತಿಂಗಳ ಒಂದು ಮಳೆಯ ರಾತ್ರಿ. ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಮಗು ಸಣ್ಣದು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಬರಲು ಒಂದು ಗಂಟೆ, ದಾರಿ ಇನ್ನೊಂದು ಗಂಟೆ. ಆಮ್ಲಜನಕದ ನಳಿಗೆ ಇತ್ತು. ನನ್ನ ಅಮ್ಮ ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಆ ಟವೆಲ್ ಒದ್ದೆಯಾಗಿತ್ತು. ಅಲ್ಲಿ ತಲುಪಿದಾಗ ನರ್ಸ್ ಮೊದಲು ಹೇಳಿದ ಮಾತು, "ಅಮ್ಮಾ, ಮಗು ತುಂಬ ತಣ್ಣಗಿದೆ" ಎಂದು. ಥರ್ಮಾಮೀಟರು 34 ತೋರಿಸಿತು. ಇರಬೇಕಾದದ್ದು 36.5ರಿಂದ 37.5. ಒಣ ಬಟ್ಟೆ, ಒಂದು ಟೊಪ್ಪಿ, ಅಮ್ಮನ ಎದೆಗೆ ಅಂಟಿಸಿ ಸೀರೆಯ ಸೆರಗು ಸುತ್ತುವುದು, ಇಷ್ಟನ್ನು ಹೊರಡುವಾಗ ಯಾರಾದರೂ ಹೇಳಿದ್ದರೆ ಅಮ್ಮ ಮಾಡದೇ ಇರುತ್ತಿದ್ದರೇ? ಮಗು ಅದರಿಂದಲೇ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಅದಕ್ಕೆ ಸಿಗಬೇಕಾದದ್ದು ಸಿಗಲಿಲ್ಲ.

ಎದೆಗೆ ಅಂಟಿಸುವುದು ಬಡವರಿಗೆ ಬೇರೆ ದಾರಿ ಇಲ್ಲದೆ ಮಾಡುವ ಉಪಾಯ ಅಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾಕ್ಟರುಗಳು ಇದನ್ನು ಶುರುಮಾಡಿದರು, ನಿಜ. ಕಾಂಗರೂ ಆರೈಕೆ ಎಂಬ ಹೆಸರು ಬಂತು. ಆಮೇಲೆ ತುಂಬಾ ವರ್ಷ ಎಲ್ಲ ಕಡೆ ಒಂದೇ ಕ್ರಮ ಇತ್ತು. ಮಗು ಮೊದಲು ಗಾಜಿನ ಪೆಟ್ಟಿಗೆಯಲ್ಲಿ ಸುಧಾರಿಸಲಿ, ಆಮೇಲೆ ತಾಯಿಯ ಎದೆಗೆ ಎಂದು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದದ್ದು. ಒಂದು ಕಿಲೋದಿಂದ 1.8 ಕಿಲೋವರೆಗಿನ ಮಕ್ಕಳನ್ನು ಸುಧಾರಿಸುವವರೆಗೆ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದರು. ಸಾವು ಕಾಲು ಭಾಗ ಇಳಿಯಿತು. ಅಂದರೆ ತೀವ್ರ ನಿಗಾ ಘಟಕದೊಳಗೆ ತಾಯಿಗೂ ಒಂದು ಮಂಚ ಹಾಕಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಶಿಫಾರಸು ಮಾಡಿತು.

ಮಣಿಪಾಲ, ಮಂಗಳೂರಿನ ಕಡೆ ಕೆಎಂಸಿ ಎಂದರೆ ಎಲ್ಲರಿಗೂ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಮಕ್ಕಳ ಡಾಕ್ಟರುಗಳ ನಡುವೆ ಅದೇ ಮೂರಕ್ಷರಕ್ಕೆ ಕಾಂಗರೂ ಮದರ್ ಕೇರ್, ಅಂದರೆ ಕಾಂಗರೂ ಆರೈಕೆ ಎಂದೂ ಅರ್ಥ. ಎರಡನೇ ಅರ್ಥವೂ ಮನೆಮನೆಗೆ ಗೊತ್ತಾಗಬೇಕೆಂದು ನನ್ನ ಆಸೆ. ತಾಯಿಗೆ ಸಿಸೇರಿಯನ್ ಆಗಿ ಮಲಗಿದ್ದರೆ ಅಪ್ಪ ಎದೆಗೆ ಹಾಕಿಕೊಳ್ಳಬಹುದು. ಅಜ್ಜಿ ಹಾಕಿಕೊಳ್ಳಬಹುದು.

ದಾರಿ

ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳು ನಮ್ಮ ಎರಡು ಜಿಲ್ಲೆಗೆ ಮಾತ್ರ ಸೇರಿದವಲ್ಲ. ಭಟ್ಕಳ, ಕುಮಟಾ, ಕಾರವಾರದಿಂದ ಬರುತ್ತಾರೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯವರು ಆಗುಂಬೆ ಘಾಟಿಯ 14 ತಿರುವು ಇಳಿದು ಬರುತ್ತಾರೆ. ಮೂಡಿಗೆರೆಯವರು ಚಾರ್ಮಾಡಿಯಲ್ಲಿ, ಸಕಲೇಶಪುರದವರು ಶಿರಾಡಿಯಲ್ಲಿ. ಇತ್ತ ಕಾಸರಗೋಡಿನವರೂ ಇದ್ದಾರೆ. ಮಂಗಳೂರಿನ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆಗೆ ಹೊರ ಜಿಲ್ಲೆಗಳ ಬಸುರಿಯರು ಬರುವುದು ಹೊಸತಲ್ಲ. ಹಾಗಾಗಿ ಇಲ್ಲಿ ಆಗುವ ಸಾವನ್ನು ನೋಡಿ ಇಲ್ಲಿನ ಆಸ್ಪತ್ರೆ ಸರಿ ಇಲ್ಲ ಎನ್ನುವುದು ತಪ್ಪು. ಎಷ್ಟೋ ಮಕ್ಕಳು ಸೋತೇ ಬಂದಿರುತ್ತವೆ.

ಮಳೆಗಾಲದಲ್ಲಿ ಈ ದಾರಿಗಳ ಸ್ಥಿತಿ ಗೊತ್ತೇ ಇದೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಅದೇ ತಿಂಗಳು ಶಿರಾಡಿಯಲ್ಲೂ ಮಣ್ಣು ಜಾರಿತು. ತಮ್ಮಲ್ಲೇ ಒಂದು ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರು ವರ್ಷಗಳಿಂದ ಕೇಳುತ್ತಿರುವುದು ಇದಕ್ಕೇ. ಅಪಘಾತದ ರೋಗಿಗಳಷ್ಟೇ ಅಲ್ಲ, ಒಂದು ಕಿಲೋ ಮಗುವೂ ಆ ದಾರಿಯಲ್ಲೇ ಬರಬೇಕು.

ಇಲ್ಲಿ ಡಾಕ್ಟರುಗಳು ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಮಗುವನ್ನು ಸಾಗಿಸಲು ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಅಪಾಯ ಮೊದಲೇ ಗೊತ್ತಿದ್ದರೆ ಹೆರಿಗೆಗೆ ಮುಂಚೆಯೇ ತಾಯಿಯನ್ನು ಕಳಿಸಬೇಕು. ಹುಟ್ಟಿದ ಮೇಲೆ ಕಳಿಸುವುದಾದರೆ ಫೋನು ಮಾಡಿ ಹಾಸಿಗೆ ಖಾಲಿ ಇದೆಯೇ ಎಂದು ಕೇಳಿ ಕಳಿಸಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದು ಕಳೆದ ಗಂಟೆಗಳನ್ನು ಯಾವ ಯಂತ್ರವೂ ವಾಪಸು ಕೊಡುವುದಿಲ್ಲ. ತಾಲೂಕು ಮಟ್ಟದಲ್ಲಿ ನವಜಾತ ಶಿಶುಗಳನ್ನು ಸಂಭಾಳಿಸುವ ಘಟಕ, ಜಿಲ್ಲೆಯಲ್ಲಿ ವಿಶೇಷ ಆರೈಕೆ ಘಟಕ ಇರಬೇಕೆಂದು ಸರ್ಕಾರದ ಕ್ರಮವೇ ಇದೆ. ಆದರೆ ಕಟ್ಟಡ, ಯಂತ್ರಗಳಿಗಿಂತ ರಾತ್ರಿ ಪಾಳಿಯ ನರ್ಸ್ ಎಷ್ಟು ಮಕ್ಕಳನ್ನು ಒಬ್ಬಳೇ ನೋಡುತ್ತಿದ್ದಾಳೆ ಎಂಬುದನ್ನು ನಾನು ಮೊದಲು ಕೇಳುತ್ತೇನೆ.

ನಂಜು, ಹಾಲು, ಬಚ್ಚಲು

ನವಜಾತ ಶಿಶುಗಳ ಸಾವಿಗೆ ಇನ್ನೊಂದು ದೊಡ್ಡ ಕಾರಣ ಸೋಂಕು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನವಜಾತ ಶಿಶುಗಳ ರಕ್ತದಲ್ಲಿ ಸಿಕ್ಕ ಕ್ರಿಮಿಗಳಲ್ಲಿ ಹಲವು, ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗದಂಥವು. ಶೀತ-ಜ್ವರಕ್ಕೆಲ್ಲ ಮೆಡಿಕಲ್ ಶಾಪಿನಿಂದ ನಾವೇ ಆಂಟಿಬಯಾಟಿಕ್ ತಂದು ನುಂಗುತ್ತೇವಲ್ಲ, ಅದರ ಬೆಲೆ ತೆರುವವರಲ್ಲಿ ಈ ಮಕ್ಕಳೂ ಇದ್ದಾರೆ. ಇದಕ್ಕೆ ಕೈ ತೊಳೆಯುವುದು ಮತ್ತು ತಾಯಿಯ ಹಾಲು ಇವೆರಡಕ್ಕಿಂತ ದೊಡ್ಡ ಮದ್ದು ಇಲ್ಲ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಬಾಟಲಿ, ಪುಡಿ ಹಾಲು ನಿಲ್ಲಿಸಿ ತಾಯಂದಿರನ್ನೇ ಮಕ್ಕಳ ಆರೈಕೆಗೆ ಒಳಗೆ ಬಿಟ್ಟರು. ಅಲ್ಲೇ 1989ರಲ್ಲಿ ಏಷ್ಯಾದ ಮೊದಲ ತಾಯಿ ಹಾಲಿನ ಬ್ಯಾಂಕ್ ತೆರೆದರು. ಆದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು 100ರಲ್ಲಿ 42 ಮಕ್ಕಳಿಗೆ ಮಾತ್ರ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಗಳು ಕಡಿಮೆಯಾಗಿವೆ. ಸಿಸೇರಿಯನ್ ಆದವರಿಗೆ ತಡವಾಗುವುದು ಈಗಿನ ಸಮಸ್ಯೆ.

ನಮ್ಮ ಬಾಣಂತನದಲ್ಲಿ ಒಳ್ಳೆಯದು ತುಂಬಾ ಇದೆ. ತಾಯಿಗೆ ವಿಶ್ರಾಂತಿ ಸಿಗುತ್ತದೆ, ಮಗುವಿಗೆ ತೆಂಗಿನೆಣ್ಣೆ ಸವರುತ್ತಾರೆ. ಸಣ್ಣ ಮಕ್ಕಳ ಮೈಗೆ ಎಣ್ಣೆ ಹಚ್ಚಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆದರೆ ಹುಟ್ಟಿದ ದಿನವೇ ಮೀಯಿಸುವುದು ಬೇಡ, ಕನಿಷ್ಠ 24 ಗಂಟೆ ಕಾಯಬೇಕು. ತೂಕ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಮೂಗಿಗೆ ಎಣ್ಣೆ ಬಿಡುವುದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜೇನು ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು ಬೇಡ. ಹೊಕ್ಕುಳಿಗೆ ಏನೂ ಹಚ್ಚದೆ ಒಣಗಲು ಬಿಟ್ಟರೆ ಸಾಕು. ಮಗು ಮೀಯಿಸಲು ಬರುವ ಅಜ್ಜಿಯರ ಜೊತೆ ಜಗಳ ಮಾಡಬೇಕಿಲ್ಲ. "ಡಾಕ್ಟ್ರು ಹೇಳಿದ್ದಾರೆ ಅಜ್ಜಿ" ಎಂದರೆ ಹೆಚ್ಚಿನವರು ಕೇಳುತ್ತಾರೆ.

ತವರಿನ ವಿಷಯ ಇನ್ನೊಂದು. ಬಯಕೆ (ಸೀಮಂತ) ಮುಗಿಸಿ ಏಳನೇ ತಿಂಗಳಿಗೆ ಹುಡುಗಿ ತವರಿಗೆ ಬರುತ್ತಾಳೆ. ಮುಂಬಯಿಯಿಂದ, ಬೆಂಗಳೂರಿನಿಂದ, ಗಲ್ಫಿನಿಂದ. ಅಲ್ಲಿಯವರೆಗೆ ನೋಡಿದ ಡಾಕ್ಟರು ಒಬ್ಬರು, ಇಲ್ಲಿ ಹೆರಿಗೆ ಮಾಡಿಸುವವರು ಇನ್ನೊಬ್ಬರು. ಬಿಪಿ ಯಾವಾಗಿನಿಂದ ಏರುತ್ತಿತ್ತು, ಮೊದಲ ಸ್ಕ್ಯಾನಿಂಗ್‌ನಲ್ಲಿ ದಿನಾಂಕ ಏನಿತ್ತು ಎಂಬುದೆಲ್ಲ ಅಲ್ಲೇ ಉಳಿಯುತ್ತದೆ. ತಂಗಿಯ ಫೈಲು ಅವಳ ಗಂಡನ ಮನೆಯ ಕಪಾಟಿನಲ್ಲಿತ್ತು. ಇಡೀ ಬಸುರಿನ ಕಾಗದ ಒಂದೇ ಚೀಲದಲ್ಲಿ ಅವಳ ಜೊತೆಗೇ ಇರಬೇಕಿತ್ತು.

ಅದಕ್ಕಿಂತ ಕಷ್ಟ ಕಾಗದವೇ ಇಲ್ಲದವರದ್ದು. ಮಂಗಳೂರು, ಉಡುಪಿಯ ಕಟ್ಟಡಗಳನ್ನು ಕಟ್ಟುವವರು ಬಾಗಲಕೋಟೆ, ಗದಗ, ಕೊಪ್ಪಳದವರು, ಜಾರ್ಖಂಡ್-ಒಡಿಶಾದವರು. ತಗಡಿನ ಶೆಡ್ಡಿನಲ್ಲಿ ಇರುವ ಬಸುರಿಯ ಹೆಸರು ಇಲ್ಲಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹಲವು ಬಾರಿ ಇರುವುದಿಲ್ಲ, ಊರಿನ ಪುಸ್ತಕದಲ್ಲೂ ಅವಳು ಸಿಗುವುದಿಲ್ಲ. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ ಬುಡಕಟ್ಟುಗಳಲ್ಲಿ ಒಂದಾದ ಕೊರಗರು ಇದೇ ಎರಡು ಜಿಲ್ಲೆಗಳಲ್ಲಿದ್ದಾರೆ. ಜಿಲ್ಲೆಯ ಸರಾಸರಿ ಚೆನ್ನಾಗಿದೆ ಎಂದು ಹೇಳುವಾಗ ಇವರ ಮಕ್ಕಳನ್ನು ಬೇರೆಯಾಗಿ ಎಣಿಸಿ ನೋಡಿದ್ದೇವೆಯೇ ಎಂದು ಕೇಳಬೇಕು.

ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ತೂಕ ನೋಡುವುದು, ಬೆಚ್ಚಗಿಡುವುದು, ಉಸಿರು ಎಣಿಸುವುದು, ಸೋಂಕು ಗುರುತಿಸುವುದು. 1999ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ನವಜಾತ ಶಿಶುಗಳ ಸಾವು 62 ಶೇಕಡಾ ಇಳಿದಿತ್ತು. ಅದೇ ದಾರಿಯಲ್ಲಿ 2011ರಿಂದ ದೇಶದ ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವನ್ನು ನೋಡುತ್ತಾರೆ. ಈ ಆರು ಭೇಟಿಗೆ ನಿಗದಿಯಾದ ಪ್ರೋತ್ಸಾಹಧನ ಒಟ್ಟು 250 ರೂಪಾಯಿ. ಇದು ನನಗೆ ನಾಚಿಕೆ ತರುವ ಲೆಕ್ಕ. ಗೇಟಿನ ಒಳಗೆ ದೊಡ್ಡ ಮನೆ ಕಟ್ಟಿಕೊಂಡವರು "ನಮಗೆ ಬೇಡ, ನಮ್ಮ ಡಾಕ್ಟ್ರು ಇದ್ದಾರೆ" ಎಂದು ಅವರನ್ನು ಹೊರಗಿನಿಂದಲೇ ಕಳಿಸುವುದೂ ಉಂಟು. ಮಗು ಹಾಲು ಎಳೆಯುತ್ತಿಲ್ಲ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದೆ, ಎದೆ ಒಳಗೆ ಎಳೆದುಕೊಳ್ಳುತ್ತಿದೆ, ಅಂಗಾಲಿನವರೆಗೆ ಹಳದಿ ಇಳಿದಿದೆ, ಎಬ್ಬಿಸಿದರೂ ಏಳುತ್ತಿಲ್ಲ ಎಂಬುದನ್ನು ಗುರುತಿಸಲು ಅವರಿಗೆ ಬರುತ್ತದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಶುರುವಾಗಿದೆ, ಎರಡೂ ತಣ್ಣಗಿದ್ದರೆ ಅಪಾಯ ಎಂದು ಕೈಯ ಹಿಂಬದಿ ಮುಟ್ಟಿಸಿ ನೋಡುವುದನ್ನು ನನಗೆ ಕಲಿಸಿದ್ದೂ ಒಬ್ಬ ಆಶಾ ಅಕ್ಕನೇ.

ಪ್ರತಿ ಮಗುವಿನ ಸಾವನ್ನೂ ಕೂತು ಪರಿಶೀಲಿಸಬೇಕೆಂದು 2014ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ತಂಗಿಯ ಮಗುವಿನ ಕಾಗದದಲ್ಲಿ ಕಾರಣದ ಎದುರು "ಅವಧಿಪೂರ್ವ ಜನನ" ಎಂದಷ್ಟೇ ಇದೆ. ಸುಳ್ಳಲ್ಲ. ಆದರೆ ನೋವು ಶುರುವಾದದ್ದು ಎಷ್ಟು ಗಂಟೆಗೆ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೇ, ಆಂಬುಲೆನ್ಸಿಗೆ ಕಾದದ್ದು ಎಷ್ಟು ಹೊತ್ತು, ಹೊರಡುವಾಗ ಮೈಬಿಸಿ ಎಷ್ಟಿತ್ತು, ಸುತ್ತಿದ ಬಟ್ಟೆ ಒಣಗಿತ್ತೇ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಮ್ಮ ಎಲ್ಲವನ್ನೂ ಹೇಳುತ್ತಿದ್ದರು. ಆ ಟವೆಲಿನ ಬಣ್ಣವೂ ಅವರಿಗೆ ಇನ್ನೂ ನೆನಪಿದೆ.